ಮತ, ಸ್ಥಾನ, ಸದನ: ಹಣಾಹಣಿ ಚುನಾವಣೆಯ ಲೆಕ್ಕ ಓದುವ ಬಗೆ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಮತದಾರರು 2023ರ ಮೇ 10ರಂದು ಶಾಸಕರನ್ನು ಆರಿಸಲು ಮತಗಟ್ಟೆಗೆ ಹೋದರು. ಮರುವರ್ಷ ಏಪ್ರಿಲ್ 26ರಂದು ಸಂಸದರನ್ನು ಆರಿಸಲು ಮತ್ತೆ ಹೋದರು. ಎರಡಕ್ಕೂ ನಡುವೆ ಪೂರ್ತಿ ಒಂದು ವರ್ಷವೂ ಇಲ್ಲ. ಊರು ಅದೇ, ಮತದಾರರೂ ಹೆಚ್ಚುಕಮ್ಮಿ ಅವರೇ. ಈಗ ಎರಡೂ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಮೊಳಕಾಲ್ಮುರು, ಚಳ್ಳಕೆರೆ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಜೊತೆಗೆ ತುಮಕೂರು ಜಿಲ್ಲೆಯ ಶಿರಾ ಮತ್ತು ಪಾವಗಡ. 2023ರಲ್ಲಿ ಈ ಎಂಟರಲ್ಲಿ ಏಳನ್ನು ಕಾಂಗ್ರೆಸ್ ಗೆದ್ದಿತು. ಬಿಜೆಪಿಗೆ ಸಿಕ್ಕಿದ್ದು ಹೊಳಲ್ಕೆರೆ ಒಂದೇ. ಇದನ್ನು ನೋಡಿದವರು ಮುಂದಿನ ಲೋಕಸಭೆ ಕಾಂಗ್ರೆಸ್ಸಿಗೇ ಎಂದು ಕಣ್ಣುಮುಚ್ಚಿ ಹೇಳಿಬಿಡಬಹುದಿತ್ತು. 2024ರ ಜೂನ್ 4ರಂದು ಎಣಿಕೆ ಮುಗಿದಾಗ ಬಿಜೆಪಿಯ ಗೋವಿಂದ ಕಾರಜೋಳ ಅವರು ಕಾಂಗ್ರೆಸ್ಸಿನ ಬಿ.ಎನ್. ಚಂದ್ರಪ್ಪ ಅವರನ್ನು 48,121 ಮತಗಳಿಂದ ಸೋಲಿಸಿದ್ದರು.

ಹಾಗಾದರೆ ಈ ಸೀಮೆಯಲ್ಲಿ ಯಾವ ಪಕ್ಷಕ್ಕೆ ಬಲ ಹೆಚ್ಚು? ಮೊದಲ ಬಾರಿ ಮತ ಹಾಕಲಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ, ಏಕೆಂದರೆ ಪಕ್ಷದ ಬಲವನ್ನು ಅಳೆಯುವ ಮಟ್ಟಗಳು ಮೂರು. ಜನ ಎಷ್ಟು ಮತ ಹಾಕಿದರು ಎಂಬುದು ಮತದ ಬಲ. ಆ ಮತದಿಂದ ಎಷ್ಟು ಕ್ಷೇತ್ರ ಗೆದ್ದರು ಎಂಬುದು ಸ್ಥಾನದ ಬಲ. ಗೆದ್ದವರಲ್ಲಿ ಎಷ್ಟು ಜನ ಕೊನೆಗೆ ಸರ್ಕಾರದ ಪರ ಕೈ ಎತ್ತಿದರು ಎಂಬುದು ಸದನದ ಬಲ. ಒಂದು ಪಕ್ಷದ ಪರ ಅಲೆ ಎದ್ದ ವರ್ಷ ಮೂರೂ ಒಂದೇ ದಿಕ್ಕಿಗೆ ಹೋಗುತ್ತವೆ. ಹಣಾಹಣಿಯ ವರ್ಷ ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಟಿವಿಯ ಚರ್ಚೆಗಳಲ್ಲಿ ಗೊಂದಲ ಹುಟ್ಟುವುದು ಈ ಮೂರನ್ನೂ ಕಲಸಿಬಿಟ್ಟಾಗ. ಒಂದೊಂದಾಗಿ ನೋಡೋಣ.

ಮತದಿಂದ ಸ್ಥಾನಕ್ಕೆ

ನಮ್ಮ ದೇಶದ ಕಾನೂನಿನ ಪ್ರಕಾರ ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರು ಗೆದ್ದಂತೆ. ಅರ್ಧಕ್ಕಿಂತ ಹೆಚ್ಚು ಮತ ಬರಬೇಕೆಂಬ ನಿಯಮ ಇಲ್ಲ. ನೂರು ಮತ ಹೆಚ್ಚು ಬಂದರೂ ಒಂದು ಸ್ಥಾನ, ಲಕ್ಷ ಮತ ಹೆಚ್ಚು ಬಂದರೂ ಒಂದೇ ಸ್ಥಾನ. ಸೋತವರ ಮತಕ್ಕೆ ಸದನದಲ್ಲಿ ಲೆಕ್ಕವಿಲ್ಲ.

ಇದರ ಪರಿಣಾಮ ತಿಳಿಯಲು ಕಾಗದ, ಪೆನ್ನು ತೆಗೆದುಕೊಳ್ಳಿ. ಐದು ಕ್ಷೇತ್ರ, ಪ್ರತಿ ಕ್ಷೇತ್ರದಲ್ಲಿ ನೂರು ಮತ ಎಂದು ಬರೆದುಕೊಳ್ಳಿ. ಮೊದಲ ಮೂರು ಕ್ಷೇತ್ರಗಳಲ್ಲಿ ‘ಅ’ ಪಕ್ಷಕ್ಕೆ 52, ‘ಆ’ ಪಕ್ಷಕ್ಕೆ 48. ಉಳಿದೆರಡರಲ್ಲಿ ‘ಅ’ಗೆ 20, ‘ಆ’ಗೆ 80. ಈಗ ಕೂಡಿಸಿ. ‘ಅ’ ಪಕ್ಷಕ್ಕೆ ಒಟ್ಟು 196 ಮತ, ‘ಆ’ ಪಕ್ಷಕ್ಕೆ 304. ಆದರೆ ಗೆದ್ದ ಸ್ಥಾನ ‘ಅ’ಗೆ ಮೂರು, ‘ಆ’ಗೆ ಎರಡು. ನೂರೆಂಟು ಮತ ಕಡಿಮೆ ಪಡೆದವರು ಸರ್ಕಾರ ರಚಿಸುತ್ತಾರೆ. ಇಲ್ಲಿ ಮೋಸವೇನೂ ನಡೆದಿಲ್ಲ. ‘ಆ’ ಪಕ್ಷದ ಮತ ಎರಡೇ ಕಡೆ ರಾಶಿ ಬಿದ್ದಿತು, ‘ಅ’ ಪಕ್ಷದ ಮತ ಗೆಲ್ಲಲು ಬೇಕಾದಷ್ಟು ಮಾತ್ರ ಮೂರು ಕಡೆ ಇತ್ತು. ಶೇಂಗಾ ಬೆಳೆಯುವ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ವರ್ಷದ ಮಳೆ ಎಷ್ಟು ಮಿಲಿಮೀಟರ್ ಬಂತು ಎನ್ನುವುದಕ್ಕಿಂತ ಯಾರ ಹೊಲದ ಮೇಲೆ ಬಂತು ಎನ್ನುವುದು ಮುಖ್ಯ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಎಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಇಂಥದ್ದು ಮೂರು ಬಾರಿ ಆಗಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 35, ಬಿಜೆಪಿಗೆ ಸುಮಾರು ಶೇ 28 ಮತ ಬಂದವು. ಸ್ಥಾನ ಮಾತ್ರ ಕಾಂಗ್ರೆಸ್ಸಿಗೆ 65, ಬಿಜೆಪಿಗೆ 79. 2008ರಲ್ಲಿ ಕಾಂಗ್ರೆಸ್ಸಿನ ಮತ ಬಿಜೆಪಿಗಿಂತ ತುಸು ಹೆಚ್ಚಿತ್ತು. ಆದರೂ ಬಿಜೆಪಿ 110, ಕಾಂಗ್ರೆಸ್ 80. 2018ರಲ್ಲಿ ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36ರ ಆಸುಪಾಸು. ಬಿಜೆಪಿ 104 ಸ್ಥಾನಗಳೊಂದಿಗೆ ಅತಿ ದೊಡ್ಡ ಪಕ್ಷವಾಯಿತು. ಕಾಂಗ್ರೆಸ್ಸಿನ ಮತ ಬೀದರಿನಿಂದ ಚಾಮರಾಜನಗರದವರೆಗೆ ಹರಡಿಕೊಂಡಿತ್ತು. ಹಾಸನ, ಮಂಡ್ಯದಂಥ ಕಡೆ ಜೆಡಿಎಸ್ ಎದುರು ಎರಡನೆಯದಾಗಿ, ಕರಾವಳಿಯಲ್ಲಿ ಬಿಜೆಪಿ ಎದುರು ಎರಡನೆಯದಾಗಿ ನಿಂತ ಕ್ಷೇತ್ರಗಳ ಮತ ಒಟ್ಟು ಮೊತ್ತಕ್ಕೆ ಸೇರಿತು, ಸ್ಥಾನವಾಗಲಿಲ್ಲ.

2018 ಮತ್ತು 2023ನ್ನು ಹೋಲಿಸಿದರೆ ಇನ್ನೊಂದು ಪಾಠ ಸಿಗುತ್ತದೆ. ಎರಡೂ ಬಾರಿ ಬಿಜೆಪಿಯ ಮತ ಹೆಚ್ಚುಕಮ್ಮಿ ಅಷ್ಟೇ, ಶೇ 36. ಸ್ಥಾನ 104ರಿಂದ 66ಕ್ಕೆ ಇಳಿಯಿತು. ಬಿಜೆಪಿಯ ಮತದಾರರು ಒಟ್ಟಾರೆ ಕಡಿಮೆಯಾಗದಿದ್ದರೂ ಸ್ಥಾನ ಯಾಕೆ ಕುಸಿಯಿತು? ಜೆಡಿಎಸ್ಸಿನ ಪಾಲು ಶೇ 18ರಿಂದ 13ಕ್ಕೆ ಬಿದ್ದಿತು, ಕಾಂಗ್ರೆಸ್ಸಿನದು 43ರ ಹತ್ತಿರಕ್ಕೆ ಏರಿತು, ಅದರ ಸ್ಥಾನ 135 ಆಯಿತು. ಅಂದರೆ ಒಂದು ಪಕ್ಷದ ಸೋಲು-ಗೆಲುವು ತನ್ನ ಮತದಷ್ಟೇ ಎದುರಾಳಿಗಳ ಮತ ಹೇಗೆ ಹಂಚಿಹೋಗಿದೆ ಎಂಬುದನ್ನೂ ಅವಲಂಬಿಸಿರುತ್ತದೆ. ತ್ರಿಕೋನ ಸ್ಪರ್ಧೆಯಲ್ಲಿ ಮೂರನೆಯವರು ಎಷ್ಟು ಮತ ಎಳೆಯುತ್ತಾರೆ ಎಂದು ಮೊದಲಿಬ್ಬರು ಲೆಕ್ಕ ಹಾಕುತ್ತಾ ಕೂರುವುದು ಇದಕ್ಕೇ. ಬಂಡಾಯ ಅಭ್ಯರ್ಥಿಯ ಮನೆ ಬಾಗಿಲಿಗೆ ನಾಮಪತ್ರ ಹಿಂಪಡೆಯುವ ಕೊನೆಯ ದಿನದವರೆಗೂ ಮುಖಂಡರು ಎಡತಾಕುವುದೂ ಇದಕ್ಕೇ.

ಮೈತ್ರಿ ಎಂಬ ಕೂಡುವ ಲೆಕ್ಕ

ಮತ ಹಂಚಿಹೋದರೆ ಸೋಲು ಎಂದಾದರೆ ಎರಡು ಪಕ್ಷ ಸೇರಿದರೆ ಗೆಲುವು ಖಚಿತ ಎಂದು ಯಾರಿಗಾದರೂ ಅನ್ನಿಸುತ್ತದೆ. 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಈ ಲೆಕ್ಕದ ಮೇಲೆ ಲೋಕಸಭೆಗೆ ಒಟ್ಟಾಗಿ ಹೋದವು. ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಅವೆರಡರ ಮತ ಕೂಡಿಸಿದರೆ ಶೇ 56 ಆಗುತ್ತಿತ್ತು. 28ರಲ್ಲಿ ಅವಕ್ಕೆ ಸಿಕ್ಕಿದ್ದು ಬೆಂಗಳೂರು ಗ್ರಾಮಾಂತರ ಮತ್ತು ಹಾಸನ, ಎರಡೇ. ಬಿಜೆಪಿ 25 ಗೆದ್ದಿತು. ಮಂಡ್ಯದಲ್ಲಿ ಪಕ್ಷೇತರ ಅಭ್ಯರ್ಥಿ ಸುಮಲತಾ ಗೆದ್ದರು. ನಮ್ಮ ಪಕ್ಕದ ತುಮಕೂರಿನಲ್ಲಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರೇ ಸೋತರು. ಚಿತ್ರದುರ್ಗದಲ್ಲಿ ಬಿಜೆಪಿಯ ಎ. ನಾರಾಯಣಸ್ವಾಮಿ 80,178 ಮತಗಳ ಅಂತರದಿಂದ ಗೆದ್ದರು.

ನಾಯಕರು ಬೆಂಗಳೂರಿನಲ್ಲಿ ಕೈ ಕುಲುಕಿದ ಮಾತ್ರಕ್ಕೆ ಹಳ್ಳಿಯಲ್ಲಿ ಇಪ್ಪತ್ತು ವರ್ಷ ಎದುರು ಬದುರು ನಿಂತು ಚುನಾವಣೆ ಮಾಡಿದ ಕಾರ್ಯಕರ್ತರು ಒಂದಾಗುವುದಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಈ ಎರಡು ಪಕ್ಷಗಳೇ ಪರಸ್ಪರ ಎದುರಾಳಿ. ತಮ್ಮ ಚಿಹ್ನೆಯೇ ಇಲ್ಲದ ಯಂತ್ರದ ಮುಂದೆ ನಿಂತ ಮತದಾರರಲ್ಲಿ ಒಂದಷ್ಟು ಜನ ಮಿತ್ರಪಕ್ಷಕ್ಕೆ ಒತ್ತುತ್ತಾರೆ, ಒಂದಷ್ಟು ಜನ ಮೂರನೆಯವರಿಗೆ ಒತ್ತುತ್ತಾರೆ, ಮತ್ತೆ ಕೆಲವರು ಮನೆಯಲ್ಲೇ ಉಳಿಯುತ್ತಾರೆ. ಮತ ವರ್ಗಾವಣೆ ಎಂದು ಪತ್ರಿಕೆಗಳು ಬರೆಯುವುದು ಇದರ ಬಗ್ಗೆ.

ಇದನ್ನು ಇಟ್ಟುಕೊಂಡು ಆರಂಭದ ಪ್ರಶ್ನೆಗೆ ಬರೋಣ. 2023 ಮತ್ತು 2024ರ ನಡುವೆ ನಮ್ಮ ಎಂಟು ಕ್ಷೇತ್ರಗಳಲ್ಲಿ ಮೂರು ಸಂಗತಿಗಳು ಬದಲಾದವು. ಒಂದು, ವಿಧಾನಸಭೆಗೆ ಬೇರೆಯಾಗಿ ನಿಂತಿದ್ದ ಬಿಜೆಪಿ, ಜೆಡಿಎಸ್ ಲೋಕಸಭೆಗೆ ಒಂದಾದವು. ಎರಡು, ಲೆಕ್ಕದ ರೀತಿ ಬದಲಾಯಿತು. ವಿಧಾನಸಭೆಗೆ ಎಂಟು ಪ್ರತ್ಯೇಕ ಪಂದ್ಯ, ಲೋಕಸಭೆಗೆ ಎಂಟೂ ಕಡೆಯ ಮತ ಒಂದೇ ರಾಶಿ. ಏಳು ಕಡೆ ಗೆದ್ದಿದ್ದೇವೆ ಎಂಬ ಮಾತಿಗೆ ಆ ರಾಶಿಯ ಮುಂದೆ ಬೆಲೆ ಇಲ್ಲ. ಮೂರು, ಜನರ ಮುಂದಿದ್ದ ಪ್ರಶ್ನೆಯೇ ಬೇರೆ. ಮೊದಲ ಸಲ ವಿಧಾನಸೌಧದಲ್ಲಿ ಯಾರು ಎಂದು ಕೇಳಿದರು, ಎರಡನೆಯ ಸಲ ದೆಹಲಿಯಲ್ಲಿ ಯಾರು ಎಂದು ಕೇಳಿದರು. ಕರ್ನಾಟಕದ ಮತದಾರರು ಈ ಎರಡು ಪ್ರಶ್ನೆಗಳಿಗೆ ಎರಡು ಉತ್ತರ ಕೊಡುವುದು ಹೊಸದೇನಲ್ಲ. ಅದು ಒಂದೇ ದಿಕ್ಕಿಗೆ ಆಗುತ್ತದೆ ಎಂದೂ ಅಲ್ಲ: 2014ರಲ್ಲಿ ದೇಶವೆಲ್ಲ ಬಿಜೆಪಿ ಕಡೆ ಹೊರಳಿದಾಗ ಚಿತ್ರದುರ್ಗ ಕಾಂಗ್ರೆಸ್ಸಿನ ಚಂದ್ರಪ್ಪ ಅವರನ್ನು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆಲ್ಲಿಸಿತ್ತು.

ಸ್ಥಾನದಿಂದ ಸದನಕ್ಕೆ

ನಮ್ಮ ವಿಧಾನಸಭೆಗೆ ಚುನಾಯಿತರಾಗುವವರು 224. ಬಹುಮತಕ್ಕೆ 113 ಬೇಕು. ಲೋಕಸಭೆಯಲ್ಲಿ 543, ಬಹುಮತಕ್ಕೆ 272. ಯಾರಿಗೂ ಅಷ್ಟು ಸಿಗದಿದ್ದರೆ ಅದು ಅತಂತ್ರ ಸದನ. ಅಲ್ಲಿ ಚಿಕ್ಕ ಸಂಖ್ಯೆಗಳಿಗೆ ದೊಡ್ಡ ಬೆಲೆ ಬರುತ್ತದೆ. ಇದಕ್ಕೆ ಚಿತ್ರದುರ್ಗಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

2008ರ ಮೇ ತಿಂಗಳು. ಬಿಜೆಪಿ 110ಕ್ಕೆ ನಿಂತಿತು, ಇನ್ನು ಮೂರು ಬೇಕು. ಗೆದ್ದ ಪಕ್ಷೇತರರು ರಾಜ್ಯದಲ್ಲಿ ಒಟ್ಟು ಆರು ಮಂದಿ. ಅವರಲ್ಲಿ ಮೂವರು ನಮ್ಮ ಲೋಕಸಭಾ ಕ್ಷೇತ್ರದವರೇ: ಹಿರಿಯೂರಿನ ಡಿ. ಸುಧಾಕರ್, ಹೊಸದುರ್ಗದ ಗೂಳಿಹಟ್ಟಿ ಶೇಖರ್, ಪಾವಗಡದ ವೆಂಕಟರಮಣಪ್ಪ. ಇವರ ಜೊತೆ ಕನಕಗಿರಿಯ ಶಿವರಾಜ ತಂಗಡಗಿ, ಮಳವಳ್ಳಿಯ ಪಿ.ಎಂ. ನರೇಂದ್ರಸ್ವಾಮಿ ಸೇರಿ ಐವರು ಬೆಂಬಲ ಕೊಟ್ಟರು. 110ಕ್ಕೆ ಐದು ಸೇರಿ 115. ಮೇ 30ರಂದು ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಯಾದರು, ಐವರೂ ಮಂತ್ರಿಗಳಾದರು. ಬೆಂಬಲ ಕೊಟ್ಟ ಈ ಐವರಿಗೆ 80 ಸ್ಥಾನದ ಕಾಂಗ್ರೆಸ್ಸಿಗಾಗಲಿ 28 ಸ್ಥಾನದ ಜೆಡಿಎಸ್ಸಿಗಾಗಲಿ ಇಲ್ಲದ ತೂಕ ಆ ವಾರ ಇತ್ತು.

ಪಕ್ಷೇತರರನ್ನೇ ನಂಬಿ ಕೂರುವುದು ಯಾವ ಸರ್ಕಾರಕ್ಕೂ ನೆಮ್ಮದಿಯ ಮಾತಲ್ಲ. ಹಾಗಾಗಿ ಬೇರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು, ಬಿಜೆಪಿ ಟಿಕೆಟ್ಟಿನಲ್ಲಿ ಉಪಚುನಾವಣೆಗೆ ನಿಲ್ಲುವ ಪರಿಪಾಠ ಶುರುವಾಯಿತು. ಜನ ಅದಕ್ಕೆ ಆಪರೇಷನ್ ಕಮಲ ಎಂದು ಹೆಸರಿಟ್ಟರು. ಆ ವರ್ಷ ಡಿಸೆಂಬರಿನಲ್ಲಿ ನಡೆದ ಎಂಟು ಉಪಚುನಾವಣೆಗಳಲ್ಲಿ ಬಿಜೆಪಿ ಐದು, ಜೆಡಿಎಸ್ ಮೂರು ಗೆದ್ದವು. ರಾಜೀನಾಮೆಯ ದಾರಿ ಯಾಕೆಂದರೆ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷ ಬಿಟ್ಟ ಶಾಸಕರು, ಪಕ್ಷದ ವಿಪ್ (ಆದೇಶ) ಮೀರಿ ಮತ ಹಾಕಿದ ಶಾಸಕರು ಸದಸ್ಯತ್ವ ಕಳೆದುಕೊಳ್ಳುತ್ತಾರೆ. ಪಕ್ಷೇತರರಿಗೂ ನಿಯಮ ಇದೆ: ಗೆದ್ದ ಮೇಲೆ ಯಾವುದೇ ಪಕ್ಷ ಸೇರುವಂತಿಲ್ಲ.

2010ರ ಅಕ್ಟೋಬರಿನಲ್ಲಿ ಇದೇ ನಿಯಮ ದೊಡ್ಡ ಜಗಳಕ್ಕೆ ಕಾರಣವಾಯಿತು. ಬಿಜೆಪಿಯ 11 ಶಾಸಕರು ಮತ್ತು ಆ ಐವರು ಪಕ್ಷೇತರರು ಮುಖ್ಯಮಂತ್ರಿಗೆ ಕೊಟ್ಟಿದ್ದ ಬೆಂಬಲ ಹಿಂತೆಗೆದುಕೊಂಡರು. ವಿಶ್ವಾಸಮತಕ್ಕೆ ಮೊದಲೇ ಸ್ಪೀಕರ್ ಕೆ.ಜಿ. ಬೋಪಯ್ಯ ಹದಿನಾರು ಮಂದಿಯನ್ನೂ ಅನರ್ಹಗೊಳಿಸಿದರು. ಈಗ ಲೆಕ್ಕ ನೋಡಿ. 224ರಲ್ಲಿ 16 ಕಳೆದರೆ 208. ಅಕ್ಟೋಬರ್ 14ರ ವಿಶ್ವಾಸಮತದಲ್ಲಿ ಸರ್ಕಾರದ ಪರ 106, ವಿರುದ್ಧ 100. ಪೂರ್ಣ ಸದನದಲ್ಲಿ 113 ಬೇಕಾಗುತ್ತಿದ್ದ ಕೆಲಸ 106ರಲ್ಲಿ ಮುಗಿಯಿತು. ಅನರ್ಹರಾದವರು ಸುಪ್ರೀಂ ಕೋರ್ಟಿಗೆ ಹೋದರು. 2011ರ ಮೇ ತಿಂಗಳಲ್ಲಿ ಕೋರ್ಟ್ ಅನರ್ಹತೆಯನ್ನು ರದ್ದು ಮಾಡಿತು. ಪಕ್ಷೇತರರ ಪ್ರಕರಣಕ್ಕೆ ಕಾನೂನು ಗ್ರಂಥಗಳಲ್ಲಿ ಹಿರಿಯೂರು ಶಾಸಕರ ಹೆಸರೇ ಇದೆ. ಸರ್ಕಾರಕ್ಕೆ ಬೆಂಬಲ ಕೊಟ್ಟು ಮಂತ್ರಿಯಾದ ಮಾತ್ರಕ್ಕೆ ಪಕ್ಷೇತರರು ಆ ಪಕ್ಷ ಸೇರಿದಂತಾಗುವುದಿಲ್ಲ ಎಂಬುದು ಅದರ ಸಾರ.

2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ ಬಿದ್ದಾಗಲೂ ಇದೇ ಸೂತ್ರ ಕೆಲಸ ಮಾಡಿತು. ಪರ 99, ವಿರುದ್ಧ 105. ಆ 105 ಕೂಡ 113 ಅಲ್ಲ. ರಾಜೀನಾಮೆ ಕೊಟ್ಟವರು ಮತ್ತು ಗೈರಾದವರಿಂದ ಸದನವೇ ಕುಗ್ಗಿತ್ತು. ವಿಶ್ವಾಸಮತದಲ್ಲಿ ಹಾಜರಿದ್ದು ಮತ ಹಾಕಿದವರ ಅರ್ಧಕ್ಕಿಂತ ಒಂದು ಹೆಚ್ಚಿದ್ದರೆ ಸಾಕು. ಶಾಸಕರನ್ನು ರೆಸಾರ್ಟಿಗೆ ಕರೆದೊಯ್ದು ಕಾಯುವುದು ಯಾಕೆ ಎಂದು ಕೇಳುವವರಿಗೆ ಇದೇ ಉತ್ತರ: ಎದುರಿನವರ ಸಂಖ್ಯೆ ಇಳಿದರೂ ನಮ್ಮ ಬಲ ಏರಿದಂತೆಯೇ.

ಬಲದ ಪರೀಕ್ಷೆ ರಾಜಭವನದಲ್ಲಿ ನಡೆಯಬಾರದು, ಸದನದಲ್ಲೇ ನಡೆಯಬೇಕು ಎಂಬ ನಿಯಮ ಗಟ್ಟಿಯಾದದ್ದೂ ಕರ್ನಾಟಕದ ಪ್ರಕರಣದಿಂದಲೇ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇಂದಿಗೂ ದೇಶದ ಎಲ್ಲ ರಾಜ್ಯಗಳ ವಕೀಲರು ಎತ್ತಿ ಹೇಳುತ್ತಾರೆ. 2018ರ ಮೇ 17ರಂದು ಪ್ರಮಾಣ ವಚನ ತೆಗೆದುಕೊಂಡ ಯಡಿಯೂರಪ್ಪ ಅವರಿಗೆ ಮೇ 19ರೊಳಗೆ ಬಹುಮತ ತೋರಿಸಲು ಕೋರ್ಟ್ ಹೇಳಿದ್ದೂ ಅದೇ ಹಾದಿಯಲ್ಲಿ. 104ರಿಂದ ಮುಂದೆ ಹೋಗಲಾಗದೆ ಅವರು ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು.

ದೆಹಲಿಯ ಲೆಕ್ಕವೂ ಇದೇ

ಲೋಕಸಭೆಯಲ್ಲಿ ಸಂಖ್ಯೆ ದೊಡ್ಡದು, ಗಣಿತ ಬೇರೆಯಲ್ಲ. 2019ರಲ್ಲಿ ಬಿಜೆಪಿಗೆ ಸುಮಾರು ಶೇ 37.4 ಮತ, 303 ಸ್ಥಾನ. 2024ರಲ್ಲಿ ಶೇ 36.6 ಮತ, 240 ಸ್ಥಾನ. ಮತ ಶೇಕಡಾ ಒಂದರಷ್ಟೂ ಇಳಿಯಲಿಲ್ಲ, ಸ್ಥಾನ 63 ಇಳಿಯಿತು. ದೇಶದ ಒಂದು ಮೂಲೆಯಲ್ಲಿ ಗಳಿಸಿದ ಮತ ಇನ್ನೊಂದು ಮೂಲೆಯಲ್ಲಿ ಕಳೆದುಕೊಂಡ ಸ್ಥಾನಕ್ಕೆ ಪರಿಹಾರ ಆಗಲಿಲ್ಲ. ಮಿತ್ರಪಕ್ಷಗಳು ಸೇರಿ ಎನ್‌ಡಿಎ 293ಕ್ಕೆ ಬಂತು. ಅದರಲ್ಲಿ ಆಂಧ್ರದ ತೆಲುಗು ದೇಶಂನ 16, ಬಿಹಾರದ ಜೆಡಿಯುವಿನ 12. ಈ 28ನ್ನು ಕಳೆದರೆ ಉಳಿಯುವುದು 265, ಅಂದರೆ 272ಕ್ಕೆ ಏಳು ಕಡಿಮೆ. ಆಂಧ್ರ ಮತ್ತು ಬಿಹಾರದ ಮಾತು ದೆಹಲಿಯಲ್ಲಿ ಯಾಕೆ ನಡೆಯುತ್ತದೆ ಎಂದು ಕೇಳಿದರೆ ಈ ಕಳೆಯುವ ಲೆಕ್ಕ ತೋರಿಸಿದರೆ ಸಾಕು.

ಇದರ ಲಾಭ ಒಮ್ಮೆ ನಮ್ಮ ರಾಜ್ಯಕ್ಕೂ ಸಿಕ್ಕಿತ್ತು. 1996ರಲ್ಲಿ ಬಿಜೆಪಿ 161, ಕಾಂಗ್ರೆಸ್ 140. ಹದಿಮೂರು ದಿನದಲ್ಲಿ ವಾಜಪೇಯಿ ಸರ್ಕಾರ ಹೋಯಿತು. ಜನತಾ ದಳದ ಬಳಿ ಇದ್ದದ್ದು 46 ಸ್ಥಾನ, ಅದರಲ್ಲಿ 16 ಕರ್ನಾಟಕದ್ದು. ಆ ಹದಿನಾರರ ಬಲದ ಮೇಲೆ ಮುಖ್ಯಮಂತ್ರಿಯಾಗಿದ್ದ ದೇವೇಗೌಡರು ಜೂನ್ 1ರಂದು ಪ್ರಧಾನಿಯಾದರು. ಮೂರು ವರ್ಷದ ನಂತರ, 1999ರ ಏಪ್ರಿಲ್ 17ರಂದು ಇನ್ನೊಂದು ವಾಜಪೇಯಿ ಸರ್ಕಾರ 269-270ರಲ್ಲಿ, ಒಂದೇ ಮತದಿಂದ ಬಿದ್ದಿತು.

ಇನ್ನು ಮುಂದೆ ಹೀಗೆ ಓದಿ

ಮುಂದಿನ ಚುನಾವಣೆಯಲ್ಲಿ ಯಾರಾದರೂ ನಿಮ್ಮ ಮುಂದೆ ಒಂದು ಸಂಖ್ಯೆ ಇಟ್ಟರೆ ಅದು ಮತದ್ದೋ, ಸ್ಥಾನದ್ದೋ, ಸದನದ್ದೋ ಎಂದು ಮೊದಲು ಕೇಳಿ. ಶೇಕಡಾವಾರು ಹೇಳಿದರೆ ಆ ಪಕ್ಷ ಎಷ್ಟು ಕಡೆ ಸ್ಪರ್ಧಿಸಿದೆ ಎಂದು ಕೇಳಿ. 2024ರಲ್ಲಿ ಕರ್ನಾಟಕದಲ್ಲಿ ಬಿಜೆಪಿಗೆ ಶೇ 46, ಕಾಂಗ್ರೆಸ್ಸಿಗೆ ಶೇ 45 ಎಂದಷ್ಟೇ ಹೇಳಿದರೆ ಅರ್ಧ ಸತ್ಯ. ಕಾಂಗ್ರೆಸ್ 28ರಲ್ಲಿ ನಿಂತಿತ್ತು, ಬಿಜೆಪಿ 25ರಲ್ಲಿ ನಿಂತು ಮೂರನ್ನು ಜೆಡಿಎಸ್ಸಿಗೆ ಬಿಟ್ಟಿತ್ತು.

ಎಣಿಕೆಯ ದಿನ ಬೆಳಗ್ಗೆಯ ಲೀಡಿಗೆ ಪಟಾಕಿ ಹೊಡೆಯುವ ಅವಸರ ಬೇಡ. ಸಾಮಾನ್ಯವಾಗಿ ಒಂದು ವಿಧಾನಸಭಾ ಕ್ಷೇತ್ರಕ್ಕೆ ಹದಿನಾಲ್ಕು ಟೇಬಲ್ ಹಾಕುತ್ತಾರೆ. ಒಂದು ಸುತ್ತಿನಲ್ಲಿ ಟೇಬಲ್ಲಿಗೆ ಒಂದು ಮತಗಟ್ಟೆಯ ಯಂತ್ರದಂತೆ ಕ್ರಮಸಂಖ್ಯೆಯಲ್ಲಿ ಎಣಿಸುತ್ತಾರೆ. ಮೊದಲ ಸುತ್ತು ಎಂದರೆ ಒಂದರಿಂದ ಹದಿನಾಲ್ಕನೆಯ ಮತಗಟ್ಟೆಯವರೆಗೆ, ಅಂದರೆ ಕ್ಷೇತ್ರದ ಒಂದು ಮೂಲೆಯ ಅಕ್ಕಪಕ್ಕದ ಊರುಗಳು ಮಾತ್ರ. ಅಲ್ಲಿ ಮುಂದಿರುವವರು ಇನ್ನೊಂದು ಹೋಬಳಿಯ ಯಂತ್ರ ತೆರೆದಾಗ ಹಿಂದೆ ಬೀಳಬಹುದು. ಮತಗಟ್ಟೆ ಸಮೀಕ್ಷೆಗಳ ಬಗ್ಗೆಯೂ ಇದೇ ಎಚ್ಚರ ಇರಲಿ. 2024ರ ಜೂನ್ 1ರ ಸಂಜೆ ಬಹುತೇಕ ವಾಹಿನಿಗಳು ಎನ್‌ಡಿಎಗೆ 350ಕ್ಕೂ ಹೆಚ್ಚು ಎಂದವು, ಬಂದದ್ದು 293. ಮತದ ಪ್ರಮಾಣ ಊಹಿಸುವುದೇ ಕಷ್ಟ, ಅದನ್ನು ಸ್ಥಾನವಾಗಿ ಬದಲಿಸುವುದು ಇನ್ನೂ ಕಷ್ಟ ಎಂಬುದು ಈಗ ನಿಮಗೂ ಗೊತ್ತು.

ಕೊನೆಯದಾಗಿ, ಇಷ್ಟೆಲ್ಲ ದೊಡ್ಡ ಲೆಕ್ಕದ ನಡುವೆ ನನ್ನ ಒಂದು ಮತದಿಂದ ಏನಾಗುತ್ತದೆ ಎನ್ನುವವರಿಗೆ: 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್ಸಿನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16. ಹದಿನೆಂಟು ತುಂಬಿದವರು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ಚುನಾವಣೆ ಘೋಷಣೆಯಾಗುವ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಮತಗಟ್ಟೆಯ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ನಮೂನೆ 6 ತುಂಬಿ ಕೊಡಿ. ಪಕ್ಷಗಳ ಬಲಾಬಲದ ಲೆಕ್ಕವೆಲ್ಲ ಶುರುವಾಗುವುದು ಆ ಪಟ್ಟಿಯಿಂದ.